ಹೊಸದಾಗಿ ಬೇಸಾಯ ಕೈಗೊಳ್ಳುವ ರೈತರು ಮಳೆ ಮತ್ತು ಹವಾಮಾನದ ಅಪಾಯಗಳಿಗೆ ಮಾಡಿಕೊಳ್ಳಬೇಕಾದ ಪೂರ್ವಸಿದ್ಧತೆ

ರಾಜ್ಯದಲ್ಲಿ ಸಾಗುವಳಿಯಾಗುವ ಭೂಮಿಯ ಹೆಚ್ಚಿನ ಭಾಗವು ಮಳೆಯನ್ನೇ ಅವಲಂಬಿಸಿದೆ. ನಗರದ ಉದ್ಯೋಗವನ್ನು ಬಿಟ್ಟು ಪಿತ್ರಾರ್ಜಿತ ಜಮೀನಿಗೆ ಹಿಂತಿರುಗಿದವರು, ತಂದೆಯ ಕಾಲಾನಂತರ ಸಾಗುವಳಿಯ ಹೊಣೆ ಹೊತ್ತವರು, 2020ರ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿಯ ನಂತರ ಜಮೀನು ಖರೀದಿಸಿ ಮೊದಲ ಬಾರಿಗೆ ಬೇಸಾಯಕ್ಕೆ ಇಳಿದವರು ಹೀಗೆ ಹಲವು ಬಗೆಯ ಹೊಸ ರೈತರು ಪ್ರತಿ ವರ್ಷವೂ ರೈತ ಸಂಪರ್ಕ ಕೇಂದ್ರಗಳಿಗೆ ಬರುತ್ತಿದ್ದಾರೆ. ಬೀಜ, ಗೊಬ್ಬರ, ಸಾಲ ಇವುಗಳ ಬಗ್ಗೆ ಅವರು ವಿಚಾರಿಸುತ್ತಾರೆ. ಮಳೆ ಕೈಕೊಟ್ಟರೆ ಅಥವಾ ಅತಿಯಾದರೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಬಹುತೇಕರು ಕೇಳುವುದು ಬೆಳೆ ಹಾಳಾದ ಮೇಲೆ.

2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಎರಡು ವರ್ಷಗಳ ನಂತರ, 2025ರ ಮುಂಗಾರಿನಲ್ಲಿ, ಕಲಬುರಗಿ, ಯಾದಗಿರಿ, ಬೀದರ್ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಅತಿವೃಷ್ಟಿ ಮತ್ತು ಪ್ರವಾಹದಿಂದ ಬೆಳೆ ನೀರುಪಾಲಾಯಿತು. ಬರವಿರಲಿ ಪ್ರವಾಹವಿರಲಿ, ಬೆಳೆ ಕಳೆದುಕೊಂಡ ರೈತನಿಗೆ ವಿಮೆ ಅಥವಾ ಪರಿಹಾರದ ಹಣ ದೊರೆಯುವುದೋ ಇಲ್ಲವೋ ಎಂಬುದು ಬೆಳೆ ಹಾಳಾಗುವುದಕ್ಕಿಂತ ಎರಡು ಮೂರು ತಿಂಗಳು ಮುಂಚೆಯೇ, ಅಂದರೆ ದಾಖಲೆಗಳನ್ನು ಸರಿಪಡಿಸಿಕೊಳ್ಳುವ, ಬಿತ್ತುವ ಮತ್ತು ನೋಂದಾಯಿಸುವ ಹಂತದಲ್ಲಿಯೇ, ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಈ ಹಿನ್ನೆಲೆಯಲ್ಲಿ ಹೊಸ ರೈತರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಉದಾಹರಣೆಗಳನ್ನು ಮುಖ್ಯವಾಗಿ ದಕ್ಷಿಣ ಒಳನಾಡಿನ ಮಳೆಯಾಶ್ರಿತ ರಾಗಿ ಮತ್ತು ನೆಲಗಡಲೆ ಬೆಳೆಗಳಿಂದ ಆಯ್ದುಕೊಳ್ಳಲಾಗಿದೆ. ವಿಮೆ ಮತ್ತು ದಾಖಲೆಗಳಿಗೆ ಸಂಬಂಧಿಸಿದ ವಿವರಗಳು ರಾಜ್ಯದ ಎಲ್ಲ ಭಾಗಗಳಿಗೂ ಅನ್ವಯಿಸುತ್ತವೆ.

ಪಹಣಿ, ಪೌತಿ ಖಾತೆ ಮತ್ತು ಎಫ್‌ಐಡಿ

ಮಳೆಯ ಅಪಾಯಕ್ಕೆ ಸಿದ್ಧತೆಯೆಂದರೆ ಮೊದಲು ಪಹಣಿಯನ್ನು ನೋಡಿಕೊಳ್ಳುವುದು ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಆದರೆ ಪಹಣಿಯು ಇಂದಿಗೂ ತಾತನ ಹೆಸರಿನಲ್ಲಿದ್ದು, ಮೂರನೆಯ ತಲೆಮಾರಿನವರು ಸಾಗುವಳಿ ಮಾಡುತ್ತಿರುವ ಪ್ರಕರಣಗಳು ಕಡಿಮೆಯಿಲ್ಲ. ಅಂತಹ ಜಮೀನಿನಲ್ಲಿ ಬೆಳೆ ಹಾಳಾದರೆ ಬೆಳೆದವನ ಖಾತೆಗೆ ಹಣ ಬರುವ ದಾರಿ ಸುಲಭವಲ್ಲ. ಆದ್ದರಿಂದ ಖಾತೆದಾರರು ಮೃತಪಟ್ಟಿದ್ದಲ್ಲಿ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಆಕ್ಷೇಪಣೆಗೆ ಕಾಲಾವಕಾಶ ನೀಡಬೇಕಾಗಿರುವುದರಿಂದ ಇದು ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸವಲ್ಲ. ಮುಂಗಾರಿನ ಬಿತ್ತನೆಗೆ ಮುನ್ನ ಪಹಣಿ ಸಿದ್ಧವಾಗಬೇಕಾದರೆ ಬೇಸಿಗೆಯ ಆರಂಭದಲ್ಲಿಯೇ ಅರ್ಜಿ ಸಲ್ಲಿಸುವುದು ಸೂಕ್ತ.

ಪಹಣಿ ಸರಿಯಾದ ನಂತರ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ, ಎಫ್‌ಐಡಿ ಎಂದು ಕರೆಯಲಾಗುವ ಗುರುತಿನ ಸಂಖ್ಯೆಯನ್ನು ಪಡೆಯಬೇಕು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇವುಗಳನ್ನು ಹಾಜರುಪಡಿಸಿ ರೈತ ಸಂಪರ್ಕ ಕೇಂದ್ರದಲ್ಲಿ ಇದನ್ನು ಮಾಡಿಸಬಹುದು. ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ರೈತರ ಹೆಸರಿನಲ್ಲಿರುವ ಎಲ್ಲ ಸರ್ವೆ ನಂಬರುಗಳೂ ಎಫ್‌ಐಡಿಗೆ ಜೋಡಣೆಯಾಗಿರಬೇಕು. ಜೋಡಣೆಯಾಗದ ಸರ್ವೆ ನಂಬರಿನ ಬೆಳೆಗೆ ಪರಿಹಾರ ಲೆಕ್ಕಕ್ಕೆ ಬರುವುದಿಲ್ಲ. ಎರಡು, ಹಣವು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಲವು ಖಾತೆಗಳಿರುವವರು, ವಿಶೇಷವಾಗಿ ನಗರದಲ್ಲಿ ಸಂಬಳದ ಖಾತೆ ಹೊಂದಿದ್ದವರು, ಯಾವ ಖಾತೆಗೆ ಜೋಡಣೆಯಾಗಿದೆಯೆಂದು ಬ್ಯಾಂಕಿನಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಚಾಲ್ತಿಯಲ್ಲಿಲ್ಲದ ಖಾತೆಗೆ ಜೋಡಣೆಯಾಗಿದ್ದರೆ ಮಂಜೂರಾದ ಹಣವೂ ಹಿಂತಿರುಗುತ್ತದೆ.

ಮಳೆಯ ಲೆಕ್ಕ

ಜಿಲ್ಲೆಯ ಸರಾಸರಿ ಮಳೆ ಇಷ್ಟು ಎಂಬ ಅಂಕಿಯಿಂದ ಒಂದು ಹೊಲಕ್ಕೆ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ಹೋಬಳಿಯ ಒಂದು ಊರಿನಲ್ಲಿ ಹದವಾದ ಮಳೆಯಾಗಿ ಪಕ್ಕದ ಊರು ಒಣಗಿರುವುದು ಸಾಮಾನ್ಯ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭಗೊಂಡ ಈ ಸಂಸ್ಥೆಯ ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿ ಗ್ರಾಮದ ಹೆಸರನ್ನು ಹೇಳಿದರೆ ಮಳೆಯ ಮುನ್ಸೂಚನೆಯನ್ನು ತಿಳಿಸಲಾಗುತ್ತದೆ. ಭಾರತ ಹವಾಮಾನ ಇಲಾಖೆಯ ಕೃಷಿ ಹವಾಮಾನ ಸಲಹೆಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಪ್ರಕಟವಾಗುತ್ತವೆ. ಮೇಘದೂತ್ ಎಂಬ ಮೊಬೈಲ್ ಆಪ್‌ನಲ್ಲಿಯೂ ಅವುಗಳನ್ನು ನೋಡಬಹುದು. ಸಿಂಪರಣೆ, ಮೇಲುಗೊಬ್ಬರ, ಕೊಯ್ಲು ಇವುಗಳನ್ನು ಈ ಸಲಹೆಗಳನ್ನು ನೋಡಿ ನಿಗದಿಪಡಿಸಿಕೊಂಡರೆ ಒಂದು ಹಂಗಾಮಿನಲ್ಲಿ ಒಂದೆರಡು ಸಿಂಪರಣೆಯ ವೆಚ್ಚವಾದರೂ ಉಳಿಯುತ್ತದೆ.

ಮಿಲಿಮೀಟರ್ ಎಂಬ ಅಳತೆಯು ಹೊಸಬರಿಗೆ ಅರ್ಥವಾಗುವಂತೆ ಹೇಳುವುದಾದರೆ, ಒಂದು ಎಕರೆ ಹೊಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು ಬಿದ್ದಂತೆ. 25 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 1 ಲಕ್ಷ ಲೀಟರ್. ಇದರಲ್ಲಿ ಎಷ್ಟು ಭೂಮಿಗೆ ಇಂಗುತ್ತದೆ, ಎಷ್ಟು ಹರಿದು ಪಕ್ಕದ ಹಳ್ಳಕ್ಕೆ ಸೇರುತ್ತದೆ ಎಂಬುದು ಬದು ಮತ್ತು ಉಳುಮೆಯನ್ನು ಅವಲಂಬಿಸಿದೆ. ಇಳಿಜಾರಿಗೆ ಅಡ್ಡಲಾಗಿ ಉಳುವುದಕ್ಕೆ ಹೆಚ್ಚುವರಿ ಖರ್ಚಿಲ್ಲ.

ಹಿರಿಯ ರೈತರು ಇಂದಿಗೂ ಮಳೆ ನಕ್ಷತ್ರಗಳ ಲೆಕ್ಕದಲ್ಲಿಯೇ ಬೇಸಾಯದ ಮಾತನಾಡುತ್ತಾರೆ. ಹೊಸಬರು ಆ ಭಾಷೆಯನ್ನು ಕಲಿತುಕೊಳ್ಳುವುದು ಒಳ್ಳೆಯದು. ರೋಹಿಣಿ ಮೇ ಕೊನೆಯ ವಾರದಿಂದ, ಮೃಗಶಿರ ಜೂನ್ ಎರಡನೆಯ ವಾರದಿಂದ, ಆರಿದ್ರ ಜೂನ್ 22ರ ಸುಮಾರಿನಿಂದ, ಪುನರ್ವಸು ಜುಲೈ ಮೊದಲ ವಾರದಿಂದ, ಪುಷ್ಯ ಜುಲೈ 20ರ ಸುಮಾರಿನಿಂದ, ಆಶ್ಲೇಷ ಆಗಸ್ಟ್ ಮೊದಲ ವಾರದಿಂದ ಆರಂಭವಾಗುತ್ತವೆ. ಪ್ರತಿಯೊಂದು ಹದಿಮೂರು ಹದಿನಾಲ್ಕು ದಿನಗಳ ಅವಧಿ. ಇದು ಸೂರ್ಯನ ಚಲನೆಯ ಪಂಚಾಂಗವೇ ಹೊರತು ಮಳೆಯ ಭರವಸೆಯಲ್ಲ. ಆದರೆ ಯಾವ ಮಳೆಗೆ ಯಾವ ಬೆಳೆ ಎಂಬ ಸ್ಥಳೀಯ ಅನುಭವವು ಈ ಹೆಸರುಗಳಲ್ಲಿಯೇ ಸಂಗ್ರಹವಾಗಿದೆ. ಊರಿನ ನಾಲ್ಕು ಜನ ಹಿರಿಯರನ್ನು ಕೇಳಿ, ಕಳೆದ ಹತ್ತು ವರ್ಷಗಳಲ್ಲಿ ಯಾವ ನಕ್ಷತ್ರದಲ್ಲಿ ಬಿತ್ತನೆಯಾಯಿತು, ಯಾವಾಗ ಬೆಳೆ ಒಣಗಿತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಉಪಯುಕ್ತ.

ಬಿತ್ತನೆಯ ನಿರ್ಧಾರ

ಮೊದಲ ಮಳೆಗೇ ಬಿತ್ತುವುದು ಹೊಸ ರೈತರಲ್ಲಿ ಕಂಡುಬರುವ ಸಾಮಾನ್ಯ ತಪ್ಪು. ಮೇಲ್ಪದರ ಒದ್ದೆಯಾಗಿದ್ದು ಕೆಳಗೆ ಒಣಗಿದ್ದರೆ ಮೊಳೆತ ಸಸಿ ಒಂದು ವಾರದ ಬಿಸಿಲಿಗೆ ಸಾಯುತ್ತದೆ. ಹೊಲದಲ್ಲಿ ಎರಡು ಮೂರು ಕಡೆ ಅಗೆದು ನೋಡಿ, ಒಂದು ಗೇಣಿನ ಆಳದವರೆಗೆ ಹಸಿ ಇದ್ದರೆ ಮಾತ್ರ ಹದವಾಗಿದೆಯೆಂದು ತಿಳಿಯಬೇಕು.

ಮಳೆ ಬಂದ ತಿಂಗಳಿಗೆ ತಕ್ಕಂತೆ ತಳಿಯನ್ನು ಬದಲಾಯಿಸಿಕೊಳ್ಳುವ ಅವಕಾಶ ರಾಗಿಯಲ್ಲಿದೆ. ಮುಂಗಾರು ಬೇಗ ಹದವಾದರೆ 120 ದಿನಗಳಿಗಿಂತ ಹೆಚ್ಚು ಅವಧಿಯ ಎಂ.ಆರ್.-1 ಅಥವಾ ಎಲ್-5 ತಳಿಗಳನ್ನೂ, ಜುಲೈನಲ್ಲಿ ಬಿತ್ತುವುದಾದರೆ 110ರಿಂದ 115 ದಿನಗಳ ಜಿ.ಪಿ.ಯು.-28 ತಳಿಯನ್ನೂ, ಆಗಸ್ಟ್‌ಗೆ ಜಾರಿದರೆ 95ರಿಂದ 100 ದಿನಗಳ ಜಿ.ಪಿ.ಯು.-48ರಂತಹ ಅಲ್ಪಾವಧಿ ತಳಿಯನ್ನೂ ಆರಿಸಿಕೊಳ್ಳಬಹುದು. ಆಗಸ್ಟ್‌ನಲ್ಲಿ ದೀರ್ಘಾವಧಿ ತಳಿಯನ್ನು ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ಮಳೆ ನಿಂತಿರುತ್ತದೆ. ಜಮೀನಿನ ಮಣ್ಣಿಗೆ ಮತ್ತು ಪ್ರದೇಶಕ್ಕೆ ಹೊಂದುವ ತಳಿಯನ್ನು ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅಂತಿಮಗೊಳಿಸುವುದು.

ಬೀಜದ ಖರ್ಚನ್ನೂ ಅಪಾಯದ ಭಾಗವಾಗಿ ಲೆಕ್ಕ ಹಾಕಬೇಕು. ಕೂರಿಗೆಯಲ್ಲಿ ಬಿತ್ತಿದರೆ ರಾಗಿಗೆ ಎಕರೆಗೆ 4ರಿಂದ 5 ಕಿಲೋ ಬೀಜ ಸಾಕು. ನೆಲಗಡಲೆಗೆ 40ರಿಂದ 50 ಕಿಲೋ ಕಾಳು ಬೇಕು. ಬಿತ್ತನೆ ವಿಫಲವಾದರೆ ರಾಗಿಯನ್ನು ಮತ್ತೊಮ್ಮೆ ಬಿತ್ತುವುದು ಕೈಗೆಟಕುವ ಖರ್ಚು, ನೆಲಗಡಲೆಯಲ್ಲಿ ಹಾಗಿಲ್ಲ. ಮೊದಲ ವರ್ಷವೇ ಇರುವ ಹೊಲವನ್ನೆಲ್ಲ ಸಾಲದ ಬೀಜದಿಂದ ನೆಲಗಡಲೆಗೆ ಒಡ್ಡುವುದು ಜಾಣತನವೆನಿಸದು. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲುಗಳನ್ನು ಹಾಕುವ ಹಳೆಯ ಪದ್ಧತಿಯು ಇಲ್ಲಿ ನೆರವಿಗೆ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಮಳೆ ಕಡಿಮೆಯಾಗಿ ರಾಗಿ ಸೊರಗಿದರೂ, ಆಳಕ್ಕೆ ಬೇರು ಬಿಡುವ ತೊಗರಿಯು ಹಿಂಗಾರಿನ ಒಂದೆರಡು ಮಳೆಯಲ್ಲಿ ಚೇತರಿಸಿಕೊಳ್ಳುತ್ತದೆ. ಬೀಜದ ರಸೀದಿ ಮತ್ತು ಚೀಲದ ಮೇಲಿನ ಚೀಟಿಯನ್ನು ಕೊಯ್ಲಿನವರೆಗೂ ಎಸೆಯಬಾರದು. ಮೊಳಕೆ ಬಾರದಿದ್ದಲ್ಲಿ ದೂರು ಸಲ್ಲಿಸಲು ಅವೇ ಆಧಾರ.

ಕೃಷಿ ಹೊಂಡ

ಎರಡು ಮಳೆಗಳ ನಡುವಿನ ಒಣ ಅವಧಿಯಲ್ಲಿ ಒಂದು ಬಾರಿ ನೀರು ಕೊಡಲು ಸಾಧ್ಯವಾದರೆ ಬೆಳೆ ಉಳಿಯುತ್ತದೆ. ಬದಿಗಳಿಗೆ ಒಂದಕ್ಕೆ ಒಂದರಂತೆ ಇಳಿಜಾರು ಬಿಟ್ಟು ತೆಗೆದ 12 ಮೀ. ಉದ್ದ, 12 ಮೀ. ಅಗಲ, 3 ಮೀ. ಆಳದ ಹೊಂಡದಲ್ಲಿ ಸುಮಾರು 2.5 ಲಕ್ಷ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆಗೆ 50 ಮಿ.ಮೀ.ನಷ್ಟು ನೀರು ಹಾಯಿಸಲು ಬೇಕಾಗುವುದು ಸುಮಾರು 2 ಲಕ್ಷ ಲೀಟರ್. ಅಂದರೆ ಈ ಅಳತೆಯ ಹೊಂಡವು ಒಂದು ಎಕರೆಗೆ ಒಂದು ಬಾರಿಯ ರಕ್ಷಣಾತ್ಮಕ ನೀರಾವರಿಗೆ ಸಾಕಾಗುತ್ತದೆ, ಮೂರು ಎಕರೆಗೆ ಸಾಲದು. ತುಂತುರು ನೀರಾವರಿ ಬಳಸಿದರೆ ಇದೇ ನೀರು ಹೆಚ್ಚು ವಿಸ್ತೀರ್ಣಕ್ಕೆ ಬರುತ್ತದೆ.

2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಹೊಂಡ ನಿರ್ಮಾಣ ಮತ್ತು ಪಾಲಿಥೀನ್ ಹೊದಿಕೆಗೆ ಸಾಮಾನ್ಯ ವರ್ಗದ ರೈತರಿಗೆ ಶೇ. 80 ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ರೈತರಿಗೆ ಶೇ. 90ರಂತೆ ಸಹಾಯಧನ ನಿಗದಿಪಡಿಸಲಾಗಿದೆ. ಯೋಜನೆಯು ಆಯ್ದ ತಾಲ್ಲೂಕುಗಳಿಗೆ ಮತ್ತು ವಾರ್ಷಿಕ ಅನುದಾನಕ್ಕೆ ಒಳಪಟ್ಟಿರುವುದರಿಂದ, ಆಯಾ ವರ್ಷ ತಮ್ಮ ತಾಲ್ಲೂಕು ಸೇರಿದೆಯೇ ಎಂಬುದನ್ನು ವಿಚಾರಿಸಿದ ನಂತರವೇ ಅಗೆಯುವ ಕೆಲಸ ಆರಂಭಿಸಬೇಕು. ಹೊಂಡದ ಸುತ್ತ ತಂತಿಬೇಲಿ ಕಡ್ಡಾಯವಾಗಿ ಇರಬೇಕು. ಪಾಲಿಥೀನ್ ಹೊದಿಸಿದ ಹೊಂಡದ ಬದಿಯು ಜಾರುತ್ತದೆ. ಒಳಗೆ ಬಿದ್ದ ಮಗುವಿಗಾಗಲಿ ಈಜು ಬಲ್ಲ ದೊಡ್ಡವರಿಗಾಗಲಿ ಹತ್ತಿ ಬರಲು ಆಗುವುದಿಲ್ಲ. ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟಿರುವುದು ಅವಶ್ಯಕ.

ಬೆಳೆ ವಿಮೆ: ಹಣ ಹೇಗೆ ಲೆಕ್ಕವಾಗುತ್ತದೆ

2016ರ ಮುಂಗಾರಿನಿಂದ ಜಾರಿಯಲ್ಲಿರುವ ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೈತರು ಪಾವತಿಸಬೇಕಾದ ವಿಮಾ ಕಂತು, ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ಮುಂಗಾರಿನಲ್ಲಿ ವಿಮಾ ಮೊತ್ತದ ಶೇ. 2, ಹಿಂಗಾರಿನಲ್ಲಿ ಶೇ. 1.5. ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನಿಂದ ಬೆಳೆ ಸಾಲ ಪಡೆದ ರೈತರಿಗೂ ಇದು ಐಚ್ಛಿಕ. ಬೇಡವೆನ್ನುವ ಸಾಲಗಾರರು ನೋಂದಣಿಯ ಕೊನೆಯ ದಿನಾಂಕಕ್ಕಿಂತ 7 ದಿನ ಮುಂಚೆ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಸಾಲ ಪಡೆಯದವರು ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಗಳಲ್ಲಿ ನೋಂದಾಯಿಸಬಹುದು. ಕೊನೆಯ ದಿನಾಂಕವು ಬೆಳೆಯಿಂದ ಬೆಳೆಗೆ ಬೇರೆಯಾಗಿರುತ್ತದೆ. ಅಡಿಕೆ, ಕಾಳುಮೆಣಸು, ಶುಂಠಿ, ಮಾವು ಮುಂತಾದ ತೋಟಗಾರಿಕೆ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆಯು ಪ್ರತ್ಯೇಕವಾಗಿದ್ದು, ಅಲ್ಲಿ ಇಳುವರಿಯ ಬದಲು ಮಳೆ ಮುಂತಾದ ಹವಾಮಾನದ ಅಳತೆಯೇ ಪರಿಹಾರವನ್ನು ನಿರ್ಧರಿಸುತ್ತದೆ.

ಹೊಸ ರೈತರು ತಪ್ಪಾಗಿ ತಿಳಿಯುವುದು ಮುಂದಿನ ಅಂಶವನ್ನು. ಈ ವಿಮೆಯಲ್ಲಿ ಸಾಮಾನ್ಯವಾಗಿ ಒಬ್ಬ ರೈತನ ಹೊಲದ ನಷ್ಟವನ್ನು ಅಳೆಯುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯನ್ನು, ಇತರ ಬೆಳೆಗಳಿಗೆ ಹೋಬಳಿಯನ್ನು ಒಂದು ವಿಮಾ ಘಟಕವೆಂದು ಪರಿಗಣಿಸಿ, ಬೆಳೆ ಕಟಾವು ಪ್ರಯೋಗಗಳಿಂದ ಆ ಘಟಕದ ಸರಾಸರಿ ಇಳುವರಿಯನ್ನು ಕಂಡುಹಿಡಿಯಲಾಗುತ್ತದೆ. ಪಂಚಾಯಿತಿ ಮಟ್ಟದಲ್ಲಿ ಪ್ರತಿ ಬೆಳೆಗೆ ಕನಿಷ್ಠ 4 ಪ್ರಯೋಗಗಳು ನಡೆಯುತ್ತವೆ. ಸಾಮಾನ್ಯವಾಗಿ 5 ಮೀ. ಉದ್ದ, 5 ಮೀ. ಅಗಲದ ತಾಕಿನ ಬೆಳೆಯನ್ನು ಕೊಯ್ದು ತೂಕ ಮಾಡಲಾಗುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಇಲ್ಲಿನ ಅಂಕಿಗಳು ವಿವರಣೆಗಾಗಿ ಮಾತ್ರ. ಒಂದು ಪಂಚಾಯಿತಿಯ ಏಳು ವರ್ಷಗಳ ರಾಗಿ ಇಳುವರಿಯು ಹೆಕ್ಟೇರಿಗೆ ಕ್ರಮವಾಗಿ 1,400, 600, 1,500, 1,300, 900, 1,200 ಮತ್ತು 1,600 ಕಿಲೋ ಎಂದಿರಲಿ. ಇವುಗಳಲ್ಲಿ ಉತ್ತಮ ಐದು ವರ್ಷಗಳ ಸರಾಸರಿ 1,400 ಕಿಲೋ. ನಷ್ಟ ಭರ್ತಿಯ ಮಟ್ಟ ಶೇ. 80 ಎಂದಾದರೆ ಪ್ರಾರಂಭಿಕ ಇಳುವರಿ 1,120 ಕಿಲೋ ಆಗುತ್ತದೆ. ಈ ವರ್ಷದ ಪ್ರಯೋಗಗಳ ಸರಾಸರಿ 700 ಕಿಲೋ ಬಂದರೆ ಕೊರತೆ 420 ಕಿಲೋ, ಅಂದರೆ ಪ್ರಾರಂಭಿಕ ಇಳುವರಿಯ ಶೇ. 37.5. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂ. ಇದ್ದರೆ ಪರಿಹಾರ 18,750 ರೂ., ಎಕರೆಗೆ ಸುಮಾರು 7,590 ರೂ. ಇದಕ್ಕೆ ರೈತರು ಕಟ್ಟಿದ ಕಂತು ಎಕರೆಗೆ ಸುಮಾರು 405 ರೂ.

ಪಂಚಾಯಿತಿಯ ಸರಾಸರಿಯು 1,120 ಕಿಲೋ ದಾಟಿದರೆ, ಒಬ್ಬ ರೈತನ ಹೊಲ ಪೂರ್ತಿ ಒಣಗಿದ್ದರೂ ಈ ಲೆಕ್ಕದಲ್ಲಿ ಏನೂ ಬರುವುದಿಲ್ಲ. ಪಂಚಾಯಿತಿಯ ಸರಾಸರಿ ಕುಸಿದರೆ, ಚೆನ್ನಾಗಿ ಬೆಳೆದ ರೈತನಿಗೂ ಹಣ ಬರುತ್ತದೆ. ಇದು ಪಕ್ಷಪಾತದಂತೆ ಕಂಡರೂ ಲೆಕ್ಕದ ಕ್ರಮವೇ ಹೀಗಿದೆ. ಸ್ವಂತ ಹೊಲದ ನಷ್ಟಕ್ಕೆ ಈ ವಿಮೆಯನ್ನೇ ಪೂರ್ಣವಾಗಿ ನಂಬದೆ, ಒಂದು ಹಂಗಾಮಿನ ಬೇಸಾಯದ ಖರ್ಚಿನಷ್ಟಾದರೂ ಕೈಯಲ್ಲಿ ಉಳಿಸಿಕೊಳ್ಳುವುದು ಉಚಿತ.

ಮಳೆಯಿಲ್ಲದೆ ವಿಮಾ ಘಟಕದ ಶೇ. 75ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಬಿತ್ತನೆಯೇ ಆಗದಿದ್ದಲ್ಲಿ, ಮೊದಲೇ ನೋಂದಾಯಿಸಿದ ರೈತರಿಗೆ ವಿಮಾ ಮೊತ್ತದ ಶೇ. 25ರಷ್ಟನ್ನು ಪಾವತಿಸಲಾಗುತ್ತದೆ. ಅಲ್ಲಿಗೆ ಆ ಬೆಳೆಯ ವಿಮೆ ಮುಕ್ತಾಯವಾಗುತ್ತದೆ.

ಬಿತ್ತಿದ ಬೆಳೆ, ವಿಮೆಯ ಬೆಳೆ, ಸಮೀಕ್ಷೆಯ ಬೆಳೆ

ಈ ಮೂರೂ ಒಂದೇ ಆಗಿರತಕ್ಕದ್ದು. ಅರ್ಜಿಗಳು ತಿರಸ್ಕೃತವಾಗುವ ಕಾರಣಗಳಲ್ಲಿ ಇದು ಮುಖ್ಯವಾದುದು ಮತ್ತು ತಪ್ಪಿಸಬಹುದಾದುದು.

ಒಂದು ಕಲ್ಪಿತ ಪ್ರಕರಣವನ್ನು ಗಮನಿಸಬಹುದು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಎರಡು ಎಕರೆ ಜಮೀನಿರುವ ಯುವಕನೊಬ್ಬನು ನೆಲಗಡಲೆ ಬಿತ್ತುವ ಉದ್ದೇಶದಿಂದ ಜುಲೈ ತಿಂಗಳ ಮೂರನೆಯ ವಾರದಲ್ಲಿ ನೆಲಗಡಲೆಗೆ ವಿಮಾ ಕಂತು ಪಾವತಿಸುತ್ತಾನೆ. ಜುಲೈ ಪೂರ್ತಿ ಮಳೆಯಾಗುವುದಿಲ್ಲ. ಆಗಸ್ಟ್ ಹತ್ತರ ಸುಮಾರಿಗೆ ಹದವಾದಾಗ, ನೆಲಗಡಲೆಯ ಕಾಲ ಮೀರಿತೆಂದು ರಾಗಿಯನ್ನು ಬಿತ್ತುತ್ತಾನೆ. ಬೇಸಾಯದ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರ. ಸೆಪ್ಟೆಂಬರ್‌ನಲ್ಲಿ ಬೆಳೆ ಸಮೀಕ್ಷೆಗೆ ಬಂದವರು ಹೊಲದಲ್ಲಿ ಕಂಡ ರಾಗಿಯನ್ನೇ ಛಾಯಾಚಿತ್ರದೊಂದಿಗೆ ದಾಖಲಿಸುತ್ತಾರೆ. ಅಕ್ಟೋಬರ್‌ನಲ್ಲಿ ಮಳೆ ನಿಂತು ರಾಗಿಯೂ ಒಣಗುತ್ತದೆ. ಪಂಚಾಯಿತಿಯಲ್ಲಿ ನೆಲಗಡಲೆಗೂ ರಾಗಿಗೂ ಪರಿಹಾರ ಘೋಷಣೆಯಾಗುತ್ತದೆ. ಆತನಿಗೆ ಮಾತ್ರ ಎರಡರಲ್ಲಿ ಯಾವುದೂ ದೊರೆಯುವುದಿಲ್ಲ. ನೆಲಗಡಲೆಗೆ ವಿಮೆಯಿತ್ತು, ಬೆಳೆಯಿರಲಿಲ್ಲ. ರಾಗಿ ಬೆಳೆಯಿತ್ತು, ವಿಮೆಯಿರಲಿಲ್ಲ. ಕಚೇರಿಗೆ ಎಷ್ಟು ಬಾರಿ ಅಲೆದರೂ ಸಮೀಕ್ಷೆಯ ಛಾಯಾಚಿತ್ರವನ್ನು ಯಾರೂ ಬದಲಾಯಿಸಲಾರರು.

ಇದನ್ನು ತಪ್ಪಿಸಲು ಒಂದು ದಿನದ ಕೆಲಸ ಸಾಕಾಗಿತ್ತು. ಬೆಳೆಯನ್ನು ಬದಲಾಯಿಸುವ ತೀರ್ಮಾನವಾದ ಕೂಡಲೇ ನೋಂದಣಿ ಮಾಡಿಸಿದ ಬ್ಯಾಂಕ್ ಅಥವಾ ಕೇಂದ್ರಕ್ಕೆ ಹೋಗಿ ತಿಳಿಸಬೇಕು. ಕೊನೆಯ ದಿನಾಂಕಕ್ಕಿಂತ ಕನಿಷ್ಠ ಎರಡು ದಿನ ಮುಂಚೆ ಬೆಳೆ ಬದಲಾವಣೆಯನ್ನು ಬ್ಯಾಂಕಿಗೆ ತಿಳಿಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆದ್ದರಿಂದ ಬೆಳೆಯನ್ನು ಬದಲಾಯಿಸುವ ಸಾಧ್ಯತೆ ಇರುವವರು ನೆಲಗಡಲೆ ಮತ್ತು ರಾಗಿ ಎರಡರ ಕೊನೆಯ ದಿನಾಂಕಗಳನ್ನೂ ಜೂನ್ ತಿಂಗಳಿನಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಸಮೀಕ್ಷೆಯ ವಿಷಯದಲ್ಲಿಯೂ ರೈತರು ಸುಮ್ಮನೆ ಕಾಯಬೇಕಾಗಿಲ್ಲ. ರೈತರ ಬೆಳೆ ಸಮೀಕ್ಷೆ ಆಪ್ ಮೂಲಕ ಸ್ವತಃ ಹೊಲದಲ್ಲಿ ನಿಂತು ಛಾಯಾಚಿತ್ರ ತೆಗೆದು ಬೆಳೆಯನ್ನು ದಾಖಲಿಸಬಹುದು. ದಾಖಲಾದ ವಿವರವನ್ನು ಬೆಳೆ ದರ್ಶಕ ಆಪ್‌ನಲ್ಲಿ ನೋಡಿ, ತಪ್ಪಿದ್ದಲ್ಲಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅಕ್ಕಡಿ ಬೆಳೆ ಇರುವ ಹೊಲದಲ್ಲಿ ಎರಡೂ ಬೆಳೆಗಳು ಮಿಶ್ರ ಬೆಳೆಯೆಂದು ದಾಖಲಾಗಿವೆಯೇ, ವಿಸ್ತೀರ್ಣ ಸರಿಯಿದೆಯೇ ಎಂದು ನೋಡಬೇಕು. ರಾಗಿಯ ಬದಲು ತೊಗರಿಯ ಹೆಸರಿನಲ್ಲಿ ಇಡೀ ಹೊಲ ದಾಖಲಾಗಿದ್ದರೆ ರಾಗಿಯ ವಿಮೆ ಉಪಯೋಗಕ್ಕೆ ಬಾರದು.

72 ಗಂಟೆಗಳು

ಪಂಚಾಯಿತಿಯ ಸರಾಸರಿಯನ್ನು ಅವಲಂಬಿಸದೆ ಒಂದೊಂದೇ ಹೊಲದ ನಷ್ಟವನ್ನು ಪರಿಶೀಲಿಸುವ ಸಂದರ್ಭಗಳೂ ಇವೆ. ಆಲಿಕಲ್ಲು ಮಳೆ, ಭೂಕುಸಿತ, ಹೊಲ ಮುಳುಗಡೆ, ಮೇಘಸ್ಫೋಟ, ಸಿಡಿಲಿನಿಂದ ಉಂಟಾದ ಬೆಂಕಿ ಇವು ಸ್ಥಳೀಯ ವಿಕೋಪಗಳ ಪಟ್ಟಿಯಲ್ಲಿವೆ. ಹಾನಿಯಾದ 72 ಗಂಟೆಗಳೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಯ ಕಚೇರಿಗೆ ಸರ್ವೆ ನಂಬರ್, ಬೆಳೆ ಮತ್ತು ಹಾನಿಯ ವಿಸ್ತೀರ್ಣವನ್ನು ತಿಳಿಸತಕ್ಕದ್ದು. 14447 ದೂರವಾಣಿ ಸಂಖ್ಯೆಗೆ ಕರೆ ಮಾಡಿಯೂ ತಿಳಿಸಬಹುದು. ಈ ಅವಧಿಯಲ್ಲಿ ಭಾನುವಾರ, ಹಬ್ಬ ಎಂಬ ವಿನಾಯಿತಿ ಇಲ್ಲ. ಊರ ಹಬ್ಬ ಮುಗಿಯಲಿ ಎಂದು ಕಾದವರು ನಾಲ್ಕನೆಯ ದಿನ ಬಂದರೆ ಅವಕಾಶ ತಪ್ಪಿದಂತೆಯೇ. ಕಾಡುಪ್ರಾಣಿಗಳಿಂದಾಗುವ ಬೆಳೆ ನಷ್ಟವನ್ನೂ ಭತ್ತದ ಮುಳುಗಡೆಯನ್ನೂ 2026ರ ಮುಂಗಾರಿನಿಂದ ಈ ಯೋಜನೆಯಲ್ಲಿ ಪರಿಗಣಿಸುವುದಾಗಿ ಕೇಂದ್ರ ಸರ್ಕಾರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಯಾವ ಜಿಲ್ಲೆ, ಯಾವ ಪ್ರಾಣಿ ಎಂಬುದಕ್ಕೆ ರಾಜ್ಯದ ಅಧಿಸೂಚನೆಯನ್ನು ನೋಡಬೇಕು.

ಕೊಯ್ಲಿನ ನಂತರದ ನಷ್ಟಕ್ಕೂ ಇದೇ 72 ಗಂಟೆಗಳ ನಿಯಮ. 2021ರ ನವೆಂಬರ್‌ನಲ್ಲಿ ದಕ್ಷಿಣ ಒಳನಾಡಿನಲ್ಲಿ ಸುರಿದ ಅಕಾಲಿಕ ಮಳೆಗೆ ಕೊಯ್ಲಿಗೆ ಬಂದ ರಾಗಿ ತೆನೆಯಲ್ಲಿಯೇ ಮೊಳೆಯಿತು. ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ ಬೆಳೆಯು 14 ದಿನಗಳೊಳಗೆ ಚಂಡಮಾರುತ ಅಥವಾ ಅಕಾಲಿಕ ಮಳೆಗೆ ಸಿಲುಕಿದರೆ ವಿಮೆಯ ವ್ಯಾಪ್ತಿಗೆ ಬರುತ್ತದೆ. ಒಂದೆಡೆ ಸಾಗಿಸಿ ಮೆದೆ ಒಟ್ಟಿದ ಬೆಳೆ ಬರುವುದಿಲ್ಲ. ಹವಾಮಾನ ಇಲಾಖೆಯು ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆ ನೀಡಿದ ದಿನಗಳಲ್ಲಿ ಕೊಯ್ಲನ್ನು ಮುಂದೂಡುವುದೇ ಮೇಲು.

ಬೆಳೆ ಹಾನಿ ಪರಿಹಾರ

ವಿಮೆ ಬೇರೆ, ಸರ್ಕಾರ ನೀಡುವ ಬೆಳೆ ಹಾನಿ ಪರಿಹಾರ ಬೇರೆ. ವಿಮೆ ಮಾಡಿಸದವರೂ ಎರಡನೆಯದಕ್ಕೆ ಅರ್ಹರು. ಬರ, ಪ್ರವಾಹ ಮುಂತಾದ ವಿಕೋಪಗಳಲ್ಲಿ ಬೆಳೆಯು ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿದ್ದರೆ, ರಾಜ್ಯ ವಿಪತ್ತು ಪರಿಹಾರ ನಿಧಿಯ 2022–23ರಿಂದ 2025–26ರ ಅವಧಿಯ ಮಾನದಂಡದಂತೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ನಿಗದಿಯಾಗಿತ್ತು. ಗರಿಷ್ಠ ಮಿತಿ ಎರಡು ಹೆಕ್ಟೇರ್. 2025ರ ಮುಂಗಾರಿನ ಅತಿವೃಷ್ಟಿಗೆ ರಾಜ್ಯ ಸರ್ಕಾರವು ಹೆಕ್ಟೇರಿಗೆ 8,500 ರೂ. ಹೆಚ್ಚುವರಿಯಾಗಿ ನೀಡಲು ತೀರ್ಮಾನಿಸಿತು. ಈ ಹಣವು ಮತ್ತೆ ಬಿತ್ತಲು ನೀಡುವ ಇನ್‌ಪುಟ್ ಸಬ್ಸಿಡಿ. ಹಾಳಾದ ಫಸಲಿನ ಬೆಲೆಯನ್ನು ಅದರಿಂದ ನಿರೀಕ್ಷಿಸಲಾಗದು. ಹಾನಿಯ ಜಂಟಿ ಸಮೀಕ್ಷೆಯನ್ನು ಕಂದಾಯ ಮತ್ತು ಕೃಷಿ ಅಥವಾ ತೋಟಗಾರಿಕೆ ಇಲಾಖೆಗಳು ನಡೆಸುತ್ತವೆ. ಇಲ್ಲಿಯೂ ಎಫ್‌ಐಡಿ ಮತ್ತು ಬೆಳೆ ಸಮೀಕ್ಷೆಯ ದಾಖಲೆಗಳನ್ನೇ ಆಧರಿಸಲಾಗುತ್ತದೆ.

ಸಿಡಿಲಿನ ಬಗ್ಗೆ

ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ ಹೊಲದಲ್ಲಿ ಕೆಲಸ ಮಾಡುವವರಿಗೂ ದನಕುರಿ ಮೇಯಿಸುವವರಿಗೂ ಸಿಡಿಲಿನ ಅಪಾಯ ಹೆಚ್ಚು. ದಾಮಿನಿ ಆಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ನೀಡುತ್ತದೆ. ಗುಡುಗು ಕೇಳಿಸಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ 30 ನಿಮಿಷಗಳವರೆಗೆ ಹೊರಬರಬಾರದು. ಜಾನುವಾರು ಸತ್ತಲ್ಲಿ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿದ ನಂತರವೇ ಹೂಳಬೇಕು. ವರದಿಯಿಲ್ಲದೆ ಪರಿಹಾರದ ಅರ್ಜಿ ಮುಂದುವರಿಯುವುದಿಲ್ಲ.

ಅರ್ಜಿ ಮತ್ತು ಆಕ್ಷೇಪಣೆ

ವಿಮಾ ನೋಂದಣಿಯ ಸ್ವೀಕೃತಿಯಲ್ಲಿ ಸರ್ವೆ ನಂಬರ್, ಬೆಳೆಯ ಹೆಸರು, ವಿಸ್ತೀರ್ಣ ಇವು ಸರಿಯಾಗಿವೆಯೇ ಎಂಬುದನ್ನು ಕೇಂದ್ರದಲ್ಲಿ ನಿಂತಿರುವಾಗಲೇ ಓದಿ ನೋಡಬೇಕು. ಕಂತಿನ ಹೊರತಾಗಿ ನೋಂದಣಿಗೆ ಸೇವಾ ಶುಲ್ಕವನ್ನು ಕೊಡಬೇಕಾಗಿಲ್ಲ. ವಿಮೆಯ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದ ಪ್ರಕರಣಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಮತ್ತು ರೈತ ಸಂಪರ್ಕ ಕೇಂದ್ರಗಳಲ್ಲಿ ಪ್ರಕಟಿಸಲಾಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದವರು ಪಹಣಿ, ವಿಮಾ ಸ್ವೀಕೃತಿ ಮತ್ತು ಬೆಳೆಗೆ ಸಂಬಂಧಿಸಿದ ದಾಖಲೆಗಳೊಂದಿಗೆ ನಿಗದಿತ ದಿನಾಂಕದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ, ಸ್ವೀಕೃತಿ ಪಡೆಯತಕ್ಕದ್ದು. ರಾಗಿ ಮಾರಿದ ರಸೀದಿ, ಬೀಜ ಖರೀದಿಸಿದ ರಸೀದಿ, ಹೊಲದಲ್ಲಿ ತೆಗೆದ ದಿನಾಂಕ ಸಹಿತ ಛಾಯಾಚಿತ್ರ ಇವು ಈ ಹಂತದಲ್ಲಿ ಉಪಯೋಗಕ್ಕೆ ಬರುತ್ತವೆ. ಬಾಯಿಮಾತಿನ ಮನವಿಗೆ ಕಡತದಲ್ಲಿ ಸ್ಥಾನವಿಲ್ಲ. ಅಲ್ಲಿಯೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ಅರ್ಜಿ ಸಲ್ಲಿಸಬಹುದು.

ಬೇಸಾಯ ಕ್ರಮದ ಬಗ್ಗೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೇ ವಿಚಾರಿಸಬಹುದು. ಬೆಳೆವಾರು ವಿಮಾ ಮೊತ್ತ ಮತ್ತು ಕೊನೆಯ ದಿನಾಂಕಗಳನ್ನು ಪ್ರತಿ ಹಂಗಾಮಿನ ಅಧಿಸೂಚನೆಯಂತೆ ಸಂರಕ್ಷಣೆ ಪೋರ್ಟಲ್‌ನಲ್ಲಿ ಹಾಗೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ತಿಳಿದುಕೊಳ್ಳಬಹುದು. ಈ ವಿವರಗಳಿಗಾಗಿ ಜಿಲ್ಲಾ ಕೇಂದ್ರಕ್ಕಾಗಲಿ ಬೆಂಗಳೂರಿಗಾಗಲಿ ಪ್ರಯಾಣ ಮಾಡುವ ಅಗತ್ಯವಿರುವುದಿಲ್ಲ.